ಸೌತ್‌ಫೀಲ್ಡಿನ ಸ್ಪೀಕರ್ ಬೀಗರು

ಬೆಳಗಿನ ಚಹಾದ ಹೊತ್ತಿಗೆ ಬೀಗರು ತಮ್ಮ ಕನಸು ಹೇಳಬೇಕು, ಗಂಗಮ್ಮ ಕೇಳಬೇಕು. ಅಮೆರಿಕದ ಸೌತ್‌ಫೀಲ್ಡಿನ ಆ ಮನೆಯಲ್ಲಿ ಇದು ದಿನದ ಮೊದಲ ಕಲಾಪ. ಬೀಗರು ಹೇಳುವುದು ಇಂಗ್ಲಿಷಿನಲ್ಲಿ, ಅದೂ ತೂಗಿ ತೂಗಿ ಆಡುವ ದೊಡ್ಡ ಇಂಗ್ಲಿಷು. ಗಂಗಮ್ಮನಿಗೆ ಬರುವುದು ಕೊಪ್ಪಳ ಸೀಮೆಯ ಕನ್ನಡ, ಜೊತೆಗೆ ಟಿವಿ ನೋಡಿ, ಮೊಮ್ಮಗಳ ಬಾಯಿ ನೋಡಿ ಕಲಿತ ಒಂದಿಷ್ಟು ಇಂಗ್ಲಿಷು. ಆದರೂ ಚಹಾ ಆರಿ ತಣ್ಣಗಾಗುವ ತನಕ ಇಬ್ಬರೂ ಮಾತಾಡುತ್ತಿದ್ದರು. ಅದು ಹೇಗೆ ಅಂತ ಮಾತ್ರ ಕೇಳಬೇಡಿ. ಬೀಗರಾದವರು ಹೇಗೋ ಒಂದು ದಾರಿ ಮಾಡಿಕೊಳ್ಳುತ್ತಾರೆ.

ಬೀಗರ ಹೆಸರು ಡೇನಿಯಲ್ ಬೊಕಾರಿ. ಪಶ್ಚಿಮ ಆಫ್ರಿಕಾದ ಕಡಲಂಚಿನ ಒಂದು ಪುಟ್ಟ ದೇಶದವರು. ಅಲ್ಲಿನ ಪಾರ್ಲಿಮೆಂಟಿನಲ್ಲಿ ಬಹಳ ಕಾಲ ಸ್ಪೀಕರ್ ಆಗಿದ್ದವರು. ಈಗ ಎಂಬತ್ತು ದಾಟಿದೆ. ಬಾಗಿಲಿಗೆ ತಲೆ ತಾಗುವ ಎತ್ತರ, ಬಿಳಿ ಗಡ್ಡ, ಮನೆಯೊಳಗೇ ಇದ್ದರೂ ಕೊರಳಿಗೊಂದು ಟೈ. ಹೆಂಡತಿ ತೀರಿಕೊಂಡ ಮೇಲೆ ಮಗ ಐಸಾಕ್ ಅವರನ್ನು ಇಲ್ಲಿಗೆ ಕರೆತಂದಿದ್ದ. ಐಸಾಕ್ ಇದೇ ಊರಿನ ಬಂಗಾರ ಬಣ್ಣದ ಗಾಜಿನ ಗೋಪುರವೊಂದರಲ್ಲಿ ಕೆಲಸ ಮಾಡುವ ಎಂಜಿನಿಯರ್. ಅವನ ಹೆಂಡತಿ ನೀಲಾಂಬಿಕಾ ಡಾಕ್ಟರು, ಗಂಗಮ್ಮನ ಒಬ್ಬಳೇ ಮಗಳು.

ಮಗಳು ಫೋನಿನಲ್ಲಿ, “ಅವ್ವಾ, ನಾ ಐಸಾಕ್‌ನ್ನ ಮದುವಿ ಆಗ್ತೀನಿ,” ಎಂದ ದಿನ ಫೋನ್ ಕುಕ್ಕಿದ ಗಂಗಮ್ಮ, ಮತ್ತೆ ಅದನ್ನು ಎತ್ತಿದ್ದು ಮೊಮ್ಮಗಳು ತನಿಷಾ ಹುಟ್ಟಿದಾಗ. ಅಂಥ ಸಿಟ್ಟಿನ ಹೆಂಗಸು! ಗಂಡ ಕಲ್ಲಿನಾಥ ತೀರಿಕೊಂಡ ಮೇಲೆ ಮಗಳೇ ಹೋಗಿ, ಹಟ ಹಿಡಿದು, ಅಳುತ್ತ ಬೈಯುತ್ತ ಇಲ್ಲಿಗೆ ಕರೆತಂದಳು. ಬಂದಿಳಿದ ದಿನ ಬಾಗಿಲಲ್ಲಿ ಈ ಎತ್ತರದ ಮನುಷ್ಯ ಸೂಟು ಹಾಕಿಕೊಂಡು ನಿಂತಿದ್ದರು. ಗಂಗಮ್ಮ ಮುಖ ಬಿಗಿದುಕೊಂಡೇ ಕಾರಿನಿಂದ ಇಳಿದಳು. ಅವರು ಸೊಂಟದ ತನಕ ಬಾಗಿ, ನೆಲ ನೋಡುತ್ತ, ಹಾಗೇ ನಿಂತುಬಿಟ್ಟರು. ಹೆಣ್ಣು ಕೊಟ್ಟವರು ಬಾಗಬೇಕು, ಗಂಡಿನ ಕಡೆಯವರು ಸೆಟೆದು ನಿಲ್ಲಬೇಕು ಎಂಬ ಲೆಕ್ಕದಲ್ಲಿ ಬೆಳೆದ ಗಂಗಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. “ಏಳ್ರೀ ಏಳ್ರೀ, ಸೊಂಟ ಹಿಡೀತದ,” ಎಂದುಬಿಟ್ಟಳು. ಅಲ್ಲಿಗೆ ಆಕೆಯ ಅಷ್ಟು ವರ್ಷದ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

ಅಡುಗೆಮನೆಯ ಹಿಂದೆ ಮೂರು ಕಡೆ ಗಾಜಿರುವ ಒಂದು ಕೋಣೆ. ಚಳಿಗಾಲದಲ್ಲಿ ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುತ್ತಿತ್ತು, ಒಳಗೆ ಹೀಟರಿನ ಬಿಸಿ, ಗಾಜಿನೊಳಗಿಂದ ಬರುವ ತೆಳ್ಳನೆ ಬಿಸಿಲು. ಮಗಳು, ಅಳಿಯ ಕೆಲಸಕ್ಕೆ ಹೋಗಿ, ತನಿಷಾ ಸ್ಕೂಲ್ ಬಸ್ ಹತ್ತಿದ ಮೇಲೆ ಇಬ್ಬರೂ ಅಲ್ಲಿ ಬಂದು ಕೂರುತ್ತಿದ್ದರು. ಬೀಗರ ಇಂಗ್ಲಿಷು ಗಂಗಮ್ಮನ ಕಿವಿಗೆ ಬೀಳುವಷ್ಟರಲ್ಲಿ ತಾನಾಗಿಯೇ ಪುಸ್ತಕದ ಕನ್ನಡವಾಗಿಬಿಡುತ್ತಿತ್ತು. ಆಕೆ ಕೇಳಿಸಿಕೊಂಡ ಹಾಗೆಯೇ ಇಲ್ಲಿ ಹೇಳಿದೆ.

“ನಿನ್ನೆ ರಾತ್ರಿ ಸದನ ಸೇರಿತ್ತು, ಬೀಗತಿಯವರೇ. ಸದಸ್ಯರೆಲ್ಲ ದೋಣಿಗಳಲ್ಲಿ ಕುಳಿತಿದ್ದರು. ವಿರೋಧ ಪಕ್ಷದ ದೋಣಿಯೊಂದು ಮೆಲ್ಲನೆ ತೇಲುತ್ತ ಆಡಳಿತ ಪಕ್ಷದ ಕಡೆಗೆ ಬರತೊಡಗಿತು. ತಡೆಯಲೆಂದು ನಾನು ಗಂಟೆ ಬಾರಿಸಿದರೆ, ಗಂಟೆಯೊಳಗಿಂದ ನೀರಿನ ಸದ್ದು ಬಂದಿತು.”

“ಪಕ್ಷಾಂತರ ಆದಂಗಾತಲ್ರೀ ಬೀಗರ!” ಎಂದಳು ಗಂಗಮ್ಮ. ಅವರಿಗೆ ಏನು ತಿಳಿಯಿತೋ, ಗಡ್ಡ ಅಲುಗುವಂತೆ ನಕ್ಕರು.

ಹೀಗೆ ಕನಸಿನಿಂದ ಶುರುವಾದದ್ದು ಯಾವಾಗಲೋ ನಿಜದ ಕಥೆಗೆ ತಿರುಗುತ್ತಿತ್ತು. ಬೆಚ್ಚನೆ ಬಿಸಿಲಲ್ಲಿ ತೂಕಡಿಸುತ್ತ ಕೇಳುವ ಗಂಗಮ್ಮನಿಗೆ ಎಲ್ಲಿ ಕನಸು ಮುಗಿಯಿತು, ಎಲ್ಲಿ ನಿಜ ಹಿಡಿಯಿತು ಎಂಬುದು ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ದೂರದಲ್ಲಿ ಅಳಿಯನ ಬಂಗಾರದ ಗೋಪುರ ಮಂಜಿನ ಮೇಲೆ ಬುಡವೇ ಇಲ್ಲದೆ ತೇಲುತ್ತಿರುತ್ತಿತ್ತು. ಅದನ್ನೇ ನೋಡುತ್ತ ಕೂತರೆ ಬೀಗರ ಪಾರ್ಲಿಮೆಂಟು ಅಲ್ಲೇ ಮೇಲಿನ ಮಾಳಿಗೆಯಲ್ಲಿ ನಡೆಯುತ್ತಿದೆ ಅನ್ನಿಸುತ್ತಿತ್ತು. ಹಾಗೆ ತುಣುಕು ತುಣುಕಾಗಿ ಬೀಗರ ಬದುಕು ಆಕೆಯ ತಲೆಗೆ ಇಳಿಯಿತು.

ಕುಂಬಾಲಿ ಅಂತ ಒಂದು ಹೊಳೆದಂಡೆಯ ಊರು. ಬೀಗರು ಅಲ್ಲಿ ಸಾಲೆಯ ಮಾಸ್ತರು. ಮಾತು ಅಂದರೆ ಅವರದೇ ಮಾತು: ಸಂತೆಯಲ್ಲಿ ನಿಂತು ಬಾಯಿಬಿಟ್ಟರೆ ಮೀನು ಮಾರುವ ಹೆಂಗಸರು ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದರಂತೆ. ಆ ಹೆಂಗಸರೇ ಅವರನ್ನು ಹೊತ್ತುಕೊಂಡು ಹೋಗಿ ಚುನಾವಣೆಗೆ ನಿಲ್ಲಿಸಿದರು, ಗೆಲ್ಲಿಸಿದರು. ಸದನದಲ್ಲಿ ಕೆಲವು ವರ್ಷ ಗುಡುಗಿದ ಮೇಲೆ ಎಲ್ಲರೂ ಸೇರಿ ಅವರನ್ನು ಸ್ಪೀಕರ್ ಮಾಡಿದರು. ಅಲ್ಲಿನ ಪದ್ಧತಿ ಏನೆಂದರೆ, ಸ್ಪೀಕರ್ ಆಗಿ ಆಯ್ಕೆಯಾದವರು ತಾವಾಗಿ ಹೋಗಿ ಕುರ್ಚಿಯಲ್ಲಿ ಕೂರುವಂತಿಲ್ಲ. ಇಬ್ಬರು ಸದಸ್ಯರು ಬಂದು ರಟ್ಟೆ ಹಿಡಿದು ಎಳೆಯಬೇಕು, ಇವರು ಒಲ್ಲೆ ಒಲ್ಲೆ ಎಂದು ಹಿಂದಕ್ಕೆ ಜಗ್ಗಬೇಕು. ಇದನ್ನು ಬೀಗರು ಗಾಜಿನ ಕೋಣೆಯಲ್ಲಿ ಎದ್ದು ನಿಂತು, ಇಲ್ಲದ ಇಬ್ಬರ ಕೈಯಿಂದ ರಟ್ಟೆ ಬಿಡಿಸಿಕೊಳ್ಳುತ್ತ ಮಾಡಿ ತೋರಿಸಿದರು.

“ಉಳಿದವರು ನಟಿಸುತ್ತಿದ್ದರು. ನಾನು ನಿಜವಾಗಿಯೂ ಕಾಲೂರಿ ನಿಂತಿದ್ದೆ,” ಎಂದರು. “ಆ ಕುರ್ಚಿಯಲ್ಲಿ ಕುಳಿತವನು ಚರ್ಚೆಯಲ್ಲಿ ಮಾತನಾಡುವಂತಿಲ್ಲ. ಇತರರಿಗೆ ಮಾತು ಕೊಡಬೇಕು, ತಾನು ಬಾಯಿ ಮುಚ್ಚಿರಬೇಕು. ಅಂದಿನಿಂದ ಇಂದಿನವರೆಗೆ ಒಂದು ಭಾಷಣವನ್ನೂ ನಾನು ಮಾಡಿಲ್ಲ.”

ಯಾರಿಗೂ ಹೇಳದ ಒಂದು ಸಂಗತಿ ಗಂಗಮ್ಮನ ಬಾಯಿಗೆ ಬಂತು. “ನಾನೂ ಅಧ್ಯಕ್ಷಿ ಇದ್ನಿರೀ, ಗ್ರಾಮ ಪಂಚಾಯ್ತಿಗೆ. ಹೆಣ್ಣಮಕ್ಕಳ ಮೀಸಲಾತಿ ಬಂದಿತ್ತು. ನನ್ನನ್ಯಾರೂ ಎಳೀಲಿಲ್ಲ ಬಿಡ್ರಿ, ಖುರ್ಚಿ ಹತ್ರ ಹೋಗಾಕ ಬಿಡಲಿಲ್ಲ. ನಮ್ಮ ಮನಿಯವರ ಕುಂತ್ರು, ಅವರ ಮಾತಾಡಿದ್ರು. ನಾ ಸಹಿ ಮಾಡಿದೆ, ಚಾ ಮಾಡಿದೆ.”

ಅರ್ಧ ಕನ್ನಡ, ಅರ್ಧ ಕೈಸನ್ನೆ. ಬೀಗರಿಗೆ ಎಲ್ಲ ತಿಳಿಯಿತು. ಅವರು ಕುರ್ಚಿಯಿಂದ ಎದ್ದರು, ಟೈ ಸರಿಮಾಡಿಕೊಂಡರು, ಮೊದಲ ದಿನ ಬಾಗಿದ ಹಾಗೆಯೇ ಬಾಗಿದರು. “ಮೇಡಂ ಪ್ರೆಸಿಡೆಂಟ್,” ಎಂದರು. ಅವತ್ತಿನಿಂದ ಆ ಮನೆಯಲ್ಲಿ ಗಂಗಮ್ಮನ ಹೆಸರು ಅದೇ ಆಯಿತು. ತನಿಷಾ ಕೂಡ ಊಟಕ್ಕೆ, “ಮೇಡಂ ಪ್ರೆಸಿಡೆಂಟ್, ಲಂಚ್ ಏನು?” ಎನ್ನತೊಡಗಿದಳು. ಗಂಗಮ್ಮ ಹುಸಿಮುನಿಸು ತೋರುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ಗಂಗಮ್ಮ ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದ ಕಥೆ ಒಂದಿತ್ತು. ಒಂದು ದಿನ ಸೈನಿಕರು ಬಂದೂಕು ಹಿಡಿದು ಸದನದೊಳಗೇ ನುಗ್ಗಿದರಂತೆ. ಮಂತ್ರಿಗಳೆಲ್ಲ ಮೇಜಿನ ಕೆಳಗೆ. ಕ್ಯಾಪ್ಟನ್ ಒಬ್ಬ ನೇರ ಕುರ್ಚಿಯ ಮುಂದೆ ಬಂದು ನಿಂತ. ಬೀಗರು ಅವನನ್ನು ಮೇಲಿಂದ ಕೆಳಗೆ ನೋಡಿ, “ಸದನದಲ್ಲಿ ಟೋಪಿ ಧರಿಸುವಂತಿಲ್ಲ,” ಎಂದರು. ಆ ಹುಡುಗ ಕುಂಬಾಲಿಯ ಸಾಲೆಯಲ್ಲಿ ಕಲಿತವನೋ, ಇನ್ನೆಲ್ಲಿ ಕಲಿತವನೋ, ಮಾಸ್ತರ ದನಿ ಕೇಳಿ ತಟ್ಟನೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಸದನಕ್ಕೆ ಬೀಗ ಬಿತ್ತು, ಬೀಗರು ಮನೆಯಲ್ಲೇ ಸೆರೆಯಾದರು, ವರ್ಷಗಳಾದ ಮೇಲೆ ಸೈನ್ಯ ಹೋಗಿ ಸದನ ಮತ್ತೆ ತೆರೆದಾಗ ಜನ ಅವರನ್ನೇ ಕರೆದು ಕೂರಿಸಿದರು. ಗಂಗಮ್ಮನಿಗೆ ಅದೆಲ್ಲ ಬೇಡ. ಟೋಪಿ ತೆಗೆದದ್ದಷ್ಟೇ ಬೇಕು. “ಶಬಾಶ್! ತಗಸಿದ್ರಲ್ಲ ಅವನ ಟೊಪ್ಪಿಗಿ!” ಎಂದು ತೊಡೆ ತಟ್ಟುತ್ತಿದ್ದಳು.

ಇಂಥವರು ಮನೆಯಲ್ಲಿದ್ದ ಮೇಲೆ ಮನೆಯೂ ಸದನವೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಡೈನಿಂಗ್ ಟೇಬಲ್ಲಿನ ಸುತ್ತ ಸಭೆ. ತುದಿಯಲ್ಲಿ ಕೈಗಳಿರುವ ದೊಡ್ಡ ಕುರ್ಚಿ, ಅದರಲ್ಲಿ ಬೀಗರು. ಯಾರೂ ಯಾರನ್ನೂ ನೇರ ಬೈಯುವಂತಿಲ್ಲ, ಬೈಗುಳವೂ ಕುರ್ಚಿಯ ಮೂಲಕ ಹೋಗಬೇಕು. ರಜೆಯಲ್ಲಿ ಎಲ್ಲಿಗೆ ಹೋಗುವುದು, ಹಿಮ ಬಿದ್ದಾಗ ಮನೆ ಮುಂದಿನ ಕಾರಿನ ದಾರಿ ಯಾರು ಗುಡಿಸುವುದು, ತನಿಷಾಳ ಫೋನ್ ಎಷ್ಟು ಗಂಟೆಗೆ ಕಸಿದುಕೊಳ್ಳುವುದು, ಎಲ್ಲ ಅಲ್ಲೇ ತೀರ್ಮಾನ. ಕೈ ಎತ್ತಿ ಮತ ಹಾಕುವುದು. ಬೀಗರು ಮಾತ್ರ ಕೈ ಎತ್ತುತ್ತಿರಲಿಲ್ಲ. “ಮಾನ್ಯ ಸದಸ್ಯೆ ತನಿಷಾ ಅವರು ಬಾಯಲ್ಲಿ ಆಹಾರವಿಟ್ಟುಕೊಂಡು ಮಾತನಾಡಬಾರದು,” ಎಂದಾಗ ಆ ಹುಡುಗಿ, “ಸಾರಿ, ಮಿಸ್ಟರ್ ಸ್ಪೀಕರ್,” ಎನ್ನುವುದನ್ನು ಕೇಳುವುದೇ ಗಂಗಮ್ಮನಿಗೆ ಒಂದು ಹಬ್ಬ.

ಹೀಗೇ ನಡೆದುಕೊಂಡು ಹೋಗಬಹುದಿತ್ತು. ಕೆಡಿಸಿದ್ದು ಪುಂಡಿಸೊಪ್ಪು.

ಬೇಸಿಗೆಯಲ್ಲಿ ಶಿಕಾಗೋ ಪಕ್ಕದ ಸ್ಕೋಕಿಯಿಂದ ವಾಣಿಶ್ರೀ ಫೋನ್ ಮಾಡಿದಳು. ನೀಲಾಂಬಿಕಾಳ ಚಿಕ್ಕಪ್ಪನ ಮಗಳು ಈಕೆ. ಹೊಸ ಮನೆ ಕೊಂಡಿದ್ದಳು, ಗೃಹಪ್ರವೇಶಕ್ಕೆ ಎಲ್ಲರೂ ಬರಲೇಬೇಕೆಂದಳು. ಐವರೂ ಕಾರಿನಲ್ಲಿ ಹೊರಟರು. ಶಿಕಾಗೋ ಕಡೆಗೆ ಹೋಗುವಾಗ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. “ಈ ತಾಸು ಯಾರ ಲೆಕ್ಕಕ್ಕೂ ಇಲ್ಲ. ಇದರಲ್ಲಿ ಮನುಷ್ಯ ಏನು ಬೇಕಾದರೂ ಕನಸಬಹುದು,” ಎಂದು ಬೀಗರು ಕಣ್ಣು ಮುಚ್ಚಿದರು. ಗಂಗಮ್ಮ ಕಿಟಕಿಯ ಹೊರಗೆ ಓಡುವ ಮೆಕ್ಕೆಜೋಳದ ಹೊಲ ನೋಡುತ್ತ ತಾನೂ ಕಣ್ಣು ಮುಚ್ಚಿದಳು.

ಗೃಹಪ್ರವೇಶದ ಮರುದಿನ ನಮ್ಮವರ ಅಂಗಡಿಗಳೇ ತುಂಬಿದ ಡೆವನ್ ಅವೆನ್ಯೂಗೆ ಹೋದರು. ಪಾರ್ಕಿಂಗ್ ಸಿಗದೆ ಐಸಾಕ್ ಬೀದಿಬೀದಿ ಸುತ್ತುತ್ತಿದ್ದ. ಗಂಗಮ್ಮ ಸೀರೆ ಅಂಗಡಿಗಳನ್ನೆಲ್ಲ ಒಳಹೊಕ್ಕು ಬಂದು, ಜೋಳದ ಹಿಟ್ಟಿಗೆಂದು ಒಂದು ಕಿರಾಣಿ ಅಂಗಡಿಗೆ ನುಗ್ಗಿದಳು. ಬುಟ್ಟಿಯಲ್ಲಿ ಕೆಂಪು ದಂಟಿನ ಪುಂಡಿಸೊಪ್ಪು! “ಯವ್ವಾ, ಪುಂಡಿಪಲ್ಯ!” ಎಂದು ಎರಡೂ ಕೈಯಲ್ಲಿ ಬಾಚಿಕೊಂಡಳು. ಪಕ್ಕದಲ್ಲಿದ್ದ ಬೀಗರು ಆಕೆಯ ಕೈಯಿಂದ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಅಲ್ಲೇ ನಿಂತುಬಿಟ್ಟರು. ಜನ ಗಾಡಿ ತಳ್ಳಿಕೊಂಡು ಅವರನ್ನು ಬಳಸಿ ಹೋಗುತ್ತಿದ್ದರು.

“ಇದು ನನ್ನ ತಾಯಿಯ ಅಡುಗೆಮನೆ,” ಎಂದರು.

ಅವರ ಊರಲ್ಲೂ ಇದೇ ಸೊಪ್ಪು, ಇದೇ ಹುಳಿ. ಬೆಂಡೆಕಾಯಿ ಸೇರಿಸಿ, ಒರಳಲ್ಲಿ ಕುಟ್ಟಿ, ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರಂತೆ. ಗಂಗಮ್ಮನಿಗೆ ಸ್ವರ್ಗ ಮೂರೇ ಗೇಣು. ಸೌತ್‌ಫೀಲ್ಡಿಗೆ ತಂದು, ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ರೊಟ್ಟಿಯ ಮೇಲೆ ಬಡಿಸಿದಳು. ಬೀಗರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಕಣ್ಣಲ್ಲಿ ನೀರಿತ್ತು, ಖಾರ ಹೆಚ್ಚಾಯಿತೇನೋ ಎಂದುಕೊಂಡಳು ಆ ಪುಣ್ಯಾತ್ಗಿತ್ತಿ. ಮತ್ತೆ ಮಾಡಿದಳು, ಮಗದೊಮ್ಮೆ ಮಾಡಿದಳು, ಬೀಜ ತರಿಸಿ ಹಿತ್ತಲಲ್ಲಿ ಕುಂಡಗಳಲ್ಲೂ ಬೆಳೆದಳು.

ಸೇತುವೆಯ ಕಥೆ ಹೊರಬಿದ್ದದ್ದೂ ಆ ಸಲವೇ, ಶಿಕಾಗೋದಿಂದ ಮರಳುವ ದಾರಿಯಲ್ಲಿ. ಕಾರು ಹೆದ್ದಾರಿಯ ಒಂದು ಸೇತುವೆ ದಾಟುತ್ತಿದ್ದಾಗ ಬೀಗರು ತಾವಾಗಿ ಹೇಳಿದರು. ಕುಂಬಾಲಿಯ ಹೊಳೆಗೆ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ದೋಣಿ ನಿಂತರೆ ಬಸುರಿ ಬಾಣಂತಿ ಎಲ್ಲ ಈಚೆ ದಡದಲ್ಲೇ. ಸೇತುವೆ ಕಟ್ಟುವ ಮಸೂದೆ ಸದನಕ್ಕೆ ಬಂತು. ಮತ ಎಣಿಸಿದರೆ ಎರಡೂ ಕಡೆ ಸಮ. ಆಗ ಮಾತ್ರ ಸ್ಪೀಕರ್ ಒಂದು ಮತ ಹಾಕಬಹುದು. ಇಡೀ ಸದನ ಕುಂಬಾಲಿಯ ಮಗನ ಮುಖ ನೋಡಿತು.

“ಬೇಡ ಎಂದು ಹಾಕಿದೆ,” ಎಂದರು ಬೀಗರು.

ತನಿಷಾ ಹಿಂದಿನ ಸೀಟಿನಿಂದ ಚೀರಿದಳು. “ಗ್ರ್ಯಾಂಡ್‌ಪಾ! ಯುವರ್ ಓನ್ ಬ್ರಿಡ್ಜ್?”

“ಸದನವೇ ಎರಡು ಪಾಲಾಗಿ ನಿಂತಾಗ ಹೊಸದೊಂದನ್ನು ಮಾಡಲು ಸ್ಪೀಕರ್ ಯಾರು? ಇದ್ದುದನ್ನು ಇದ್ದಂತೆ ಬಿಡಬೇಕು. ಅದು ಸಂಪ್ರದಾಯ.”

ಗಂಗಮ್ಮನಿಗೆ ತಡೆಯಲಾಗಲಿಲ್ಲ. “ಎಂಥಾ ಮನಷ್ಯಾರ ಅದೀರಿ ನೀವು! ನಿಮ್ಮೂರಿನ ಹೆಣ್ಣಮಕ್ಕಳು ಆರಿಸಿ ಕಳಿಸ್ಯಾರ, ಅವರಿಗೆ ಸೇತುವಿ ಬ್ಯಾಡ ಅಂದ್ರಿ? ನಿಮ್ಮ ಸಂಪ್ರದಾಯಕ್ಕಿಷ್ಟು ಬೆಂಕಿ ಹಾಕ!”

ಬೀಗರು ಸಿಟ್ಟಾಗಲಿಲ್ಲ. ಆಮೇಲೆ ಊರಿಗೆ ಹೋದಾಗ ದೋಣಿಯವನು ದಡ ಮುಟ್ಟುವ ತನಕ ತುಟಿ ಬಿಚ್ಚಲಿಲ್ಲ ಎಂದರು. ಎಷ್ಟೋ ವರ್ಷದ ಮೇಲೆ ಬೇರೆ ಯಾರೋ ಸೇತುವೆ ಕಟ್ಟಿಸಿದರು. ಇವರು ಇನ್ನೂ ಅದರ ಮೇಲೆ ಕಾಲಿಟ್ಟಿಲ್ಲ, ಮುಖವಿರಲಿಲ್ಲ. ಕಾರು ಮಿಷಿಗನ್ನಿನೊಳಗೆ ಬಂತು, ಹೋಗುವಾಗ ಸಿಕ್ಕ ತಾಸು ಎಲ್ಲೋ ಕಳೆದುಹೋಯಿತು.

ಅದಾದ ಮೇಲೆ ಬೀಗರ ಕನಸುಗಳು ಬದಲಾದವು. ಸದನ ಬರಲಿಲ್ಲ, ಸದಸ್ಯರು ಬರಲಿಲ್ಲ. ಬರೀ ಹೊಳೆ. ಒಂದು ದಿನ ಹೊಳೆ ಹೇಗಿತ್ತು, ಮರುದಿನ ಹೇಗಿತ್ತು, ದಡದಲ್ಲಿ ಪುಂಡಿಸೊಪ್ಪು ತೊಳೆಯುವ ಹೆಂಗಸಿನ ಕೈ ಹೇಗಿತ್ತು, ಅಷ್ಟೇ. ಕೇಳಿ ಕೇಳಿ ಗಂಗಮ್ಮನಿಗೂ ಅದೇ ಹೊಳೆ ಕನಸಿನಲ್ಲಿ ಬರತೊಡಗಿತು. ಅದು ತುಂಗಭದ್ರೆಯೋ ಅವರ ಹೊಳೆಯೋ ಆಕೆ ವಿಚಾರಿಸಲಿಲ್ಲ. ಆಚೆ ದಡದಲ್ಲಿ ಬೀಗರು ಟೈ ಕಟ್ಟಿಕೊಂಡು ನಿಂತಿರುತ್ತಿದ್ದರು, ಕೂಗಿದರೆ ಕೇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೀಗರು ಚಹಾ ಮುಟ್ಟಲಿಲ್ಲ. “ಮೇಡಂ ಪ್ರೆಸಿಡೆಂಟ್, ನಾನು ಕುಂಬಾಲಿಗೆ ಹೋಗಬೇಕು. ಹೋಗಿ ಬರುವುದಲ್ಲ. ಹೋಗುವುದು.”

ಗಂಗಮ್ಮ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟಳು. ಆ ಪುಂಡಿಪಲ್ಯ ಮಾಡಿದ್ದು ತಾನೇ, ಬಡಿಸಿದ್ದು ತಾನೇ. ಸಂಜೆ ಮಗಳು ಬಂದ ಕೂಡಲೇ ಅಡುಗೆಮನೆಗೆ ಎಳೆದುಕೊಂಡು ಹೋದಳು. “ನೀಲಾ, ಅವರು ಊರಿಗೆ ಹೊಂಟಾರ. ಬ್ಯಾಡ ಅನ್ನು. ನೀ ಡಾಕ್ಟರ್ ಅದಿ, ನಿನ್ನ ಮಾತು ಕೇಳ್ತಾರ.”

“ನಾ ಅಂತೂ ಒಪ್ಪೂದಿಲ್ಲವ್ವಾ,” ಎಂದಳು ನೀಲಾಂಬಿಕಾ. “ಅವರ ಹಾರ್ಟ್ ವಾಲ್ವ್ ಹೆಂಗೈತಿ ನಂಗೊತ್ತು. ಅಲ್ಲಿ ಅವರ ಅಣ್ಣನ ಮಗಳು ಫಾತು ಒಬ್ಬಾಕಿ ಅದಾಳ, ಸಾಲಿ ಟೀಚರ್. ಒಳ್ಳೇಕಿ, ನೋಡ್ಕೋತಾಳ. ಆದ್ರ ಆಸ್ಪತ್ರಿ ಅರ್ಧ ದಿನದ ಹಾದಿ. ಆದ್ರ ನೀ ಯಾಕ ಇಷ್ಟು ಗಾಬರಿ ಆಗೀದಿ?”

“ಅವರು ಹೋದ್ರ ನಾ ಯಾರ ಜೋಡಿ ಮಾತಾಡ್ಲಿ?” ಎಂದುಬಿಟ್ಟಳು ಗಂಗಮ್ಮ. ಅಂದ ಮೇಲೆ ಅಳು ಬಂತು. ಗಂಡನ ಜೊತೆ ಬಾಳಿದ ಅಷ್ಟು ವರ್ಷದಲ್ಲಿ ತಾನು ಆಡಿದ ಮಾತು ಈ ಗಾಜಿನ ಕೋಣೆಯಲ್ಲಿ ಒಂದು ಚಳಿಗಾಲದಲ್ಲಿ ಆಡಿದಷ್ಟಿಲ್ಲ. ಅದನ್ನು ಮಗಳಿಗೆ ಹೇಗೆ ಹೇಳುವುದು? ನೀಲಾಂಬಿಕಾ ತಾಯಿಯ ಬೆನ್ನು ಸವರುತ್ತ ನಿಂತಳು.

ವಿಷಯ ಭಾನುವಾರದ ಸಭೆಗೆ ಬಂತು. ಹೊರಗೆ ಮೇಪಲ್ ಎಲೆಗಳು ಕೆಂಪಾಗಿದ್ದವು, ಗಾಳಿಯಿಲ್ಲದೆಯೂ ಒಂದೊಂದಾಗಿ ಬಿಡಿಸಿಕೊಂಡು ನಿಧಾನವಾಗಿ ಇಳಿಯುತ್ತಿದ್ದವು. ಬೀಗರು ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಮತ್ತೆ ಎದ್ದು ನಿಂತರು.

“ಇಂದಿನ ವಿಷಯದಲ್ಲಿ ನನಗೆ ಸ್ವಂತ ಹಿತವಿದೆ. ಆದ್ದರಿಂದ ನಾನು ಈ ಕುರ್ಚಿಯಲ್ಲಿ ಕುಳಿತಿರುವುದು ಸರಿಯಲ್ಲ. ಹಿರಿಯರಾದ ಮೇಡಂ ಪ್ರೆಸಿಡೆಂಟ್ ಅವರು ದಯಮಾಡಿ ಅಧ್ಯಕ್ಷತೆ ವಹಿಸಬೇಕು.”

“ನಾ ಒಲ್ಲೆ!” ಎಂದಳು ಗಂಗಮ್ಮ. ತನಿಷಾ ನಗುತ್ತ ಬಂದು ಒಂದು ರಟ್ಟೆ ಹಿಡಿದಳು, ಐಸಾಕ್ ಇನ್ನೊಂದು ಹಿಡಿದ. ಎಳೆದರು. ಗಂಗಮ್ಮ ಕಾಲೂರಿ ನಿಂತಳು, ಆಟಕ್ಕಲ್ಲ. ಆ ಕುರ್ಚಿಯಲ್ಲಿ ಕೂತರೆ ‘ಬ್ಯಾಡ’ ಎಂದು ಕೈ ಎತ್ತುವಂತಿಲ್ಲ ಎಂಬುದು ಆಕೆಗೆ ಹೊಳೆದಿತ್ತು. ಆದರೆ ಇಬ್ಬರ ಜೋರಿಗೆ ಆಕೆಯ ಜೋರೆಷ್ಟು? ಕೂರಿಸಿಯೇಬಿಟ್ಟರು. ಕಾಲು ನೆಲಕ್ಕೆ ಸರಿಯಾಗಿ ಮುಟ್ಟಲಿಲ್ಲ. ಬದುಕಿನಲ್ಲಿ ಮೊದಲ ಸಲ ಎಲ್ಲರೂ ತನ್ನ ಕಡೆ ನೋಡುತ್ತ, ತಾನು ಹೂಂ ಅನ್ನಲಿ ಎಂದು ಕಾಯುತ್ತ ಕೂತಿದ್ದರು. ಒಂದು ಕ್ಷಣ ಆಕೆಗೆ ಇದು ಬೀಗರ ಕನಸೋ ತನ್ನದೋ ಎನ್ನಿಸಿತು.

“ಹೂಂ, ಶುರು ಮಾಡ್ರಿ,” ಎಂದಳು.

ನೀಲಾಂಬಿಕಾ ವಾಲ್ವಿನ ಸಂಗತಿ ಹೇಳಿದಳು, ಮಾತ್ರೆಗಳ ಸಂಗತಿ ಹೇಳಿದಳು, ಹೇಳುತ್ತ ದನಿ ಡಾಕ್ಟರದು ಹೋಗಿ ಸೊಸೆಯದಾಯಿತು. ಐಸಾಕ್ ತಂದೆಯ ಕಡೆ ನೋಡದೆ, ಟೇಬಲ್ಲಿನ ಕಡೆ ನೋಡುತ್ತ ಮಾತಾಡಿದ. “ಅಮ್ಮ ಹೋದಾಗ ನಾನು ವಿಮಾನದಲ್ಲಿದ್ದೆ. ಇನ್ನೊಂದು ಸಲ ಹಾಗಾಗುವುದು ಬೇಡ.” ಅಷ್ಟು ಹೇಳಿ ನಿಲ್ಲಿಸಿಬಿಟ್ಟ. ತನಿಷಾ ಎದ್ದು ನಿಂತು ಹೇಳಿದ್ದು ಇನ್ನೂ ಚಿಕ್ಕದು. “ಹೀ ಈಸ್ ಸೇಫ್ ಹಿಯರ್. ಬಟ್ ಹೀ ಈಸ್ ಆಲ್ವೇಸ್ ಅಸ್ಲೀಪ್.”

ಆಮೇಲೆ ಬೀಗರು ಎದ್ದರು. ಒಂದು ಕಾಲಕ್ಕೆ ಸಂತೆಯನ್ನೇ ನಿಲ್ಲಿಸಿದ ಮಾತುಗಾರ, ಬಾಯಿ ತೆರೆದರೆ ಮಾತು ಬರಲಿಲ್ಲ. ಟೇಬಲ್ಲಿನ ಅಂಚು ಹಿಡಿದುಕೊಂಡರು. ಗಂಗಮ್ಮ ಕಾದಳು; ಯಾರಾದರೂ ನಡುವೆ ಬಾಯಿ ಹಾಕಿಯಾರೆಂದು ಕೈ ಎತ್ತಿ ಹಿಡಿದಳು.

“ಮೇಡಂ ಪ್ರೆಸಿಡೆಂಟ್,” ಎಂದರು ಕೊನೆಗೆ. “ನನ್ನ ಮಗ ಒಳ್ಳೆಯವನು. ನನ್ನ ಸೊಸೆ ನನ್ನನ್ನು ಬದುಕಿಸಿದ್ದಾಳೆ. ಈ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ನಾನು ನ್ಯಾಯ ಮಾಡುತ್ತಿದ್ದೇನೆಂದು ನಂಬಿ, ನನ್ನ ಜನರನ್ನು ಹೊಳೆಯ ಈಚೆಗೆ ನಿಲ್ಲಿಸಿದೆ. ಅವರು ನನ್ನನ್ನು ಕ್ಷಮಿಸಲಿ ಬಿಡಲಿ, ನಾನು ಆ ಸೇತುವೆಯ ಮೇಲೆ ನಡೆದು ಊರೊಳಗೆ ಹೋಗಬೇಕು. ಬೆಳಿಗ್ಗೆ ಎದ್ದಾಗ ಆ ಹೊಳೆ ಕಾಣಬೇಕು. ಕನಸಿನಲ್ಲಿ ನೋಡಿ ನೋಡಿ ನನಗೆ ಸಾಕಾಗಿದೆ.”

ಅವರು ಕೂತರು. ಅಷ್ಟೇ ಆ ಭಾಷಣ. ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅಧ್ಯಕ್ಷಿಗೆ ತಕ್ಕ ದನಿ ತಂದುಕೊಂಡು ಕೇಳಿದಳು. “ಹೋಗ್ಲಿ ಅನ್ನೋರು ಕೈ ಎತ್ರಿ.”

ಬೀಗರ ಕೈ, ತನಿಷಾಳ ಕೈ.

“ಬ್ಯಾಡ ಅನ್ನೋರು?”

ನೀಲಾಂಬಿಕಾಳ ಕೈ, ಐಸಾಕ್‌ನ ಕೈ.

ಸಮ. ಎಲ್ಲರ ಕಣ್ಣೂ ಕುರ್ಚಿಯ ಕಡೆ ತಿರುಗಿದವು. ನೀಲಾಂಬಿಕಾಳ ಮುಖದಲ್ಲಿ ಆಗಲೇ ನೆಮ್ಮದಿ. ಐಸಾಕ್ ಕೂಡ ಉಸಿರು ಬಿಟ್ಟ. ಸಂಪ್ರದಾಯ ಎಲ್ಲರಿಗೂ ಗೊತ್ತಿತ್ತು: ಇದ್ದುದು ಇದ್ದಂತೆ. ಬೀಗರೇ ಬಗ್ಗಿಸಿದ ತಲೆ ಎತ್ತಲಿಲ್ಲ. ತಾವೇ ಕಲಿಸಿದ ಪಾಠ, ಒಪ್ಪಿಕೊಂಡು ಕೂತಿದ್ದರು.

ಗಂಗಮ್ಮ ಒಂದು ಮಾತು ಹೇಳಿದರೆ ಸಾಕಿತ್ತು. ಆಕೆ ಬೇಡಿಕೊಂಡದ್ದು ಆಕೆಯ ಮಡಿಲಿಗೇ ಬಂದು ಬಿದ್ದಿತ್ತು, ಅದೂ ನ್ಯಾಯವಾಗಿ, ಪದ್ಧತಿಯ ಪ್ರಕಾರ, ಯಾರೂ ಬೆರಳು ತೋರಿಸದ ಹಾಗೆ. ನಾಳೆ ಬೆಳಿಗ್ಗೆ ಮತ್ತೆ ಗಾಜಿನ ಕೋಣೆ, ಮತ್ತೆ ಚಹಾ, ಮತ್ತೆ ಕನಸು. ಆಕೆ ಬಾಗಿದ ಆ ಬಿಳಿ ತಲೆಯನ್ನು ನೋಡಿದಳು. ಈ ಮನುಷ್ಯ ಇಲ್ಲೇ ಇರಲಿ ಎಂದು ಆಕೆಗೆ ಬಹಳ ಆಸೆಯಿತ್ತು.

“ಹೋಗ್ಲಿ,” ಎಂದಳು. “ನಾ ಹೋಗ್ಲಿ ಅಂತೀನಿ.”

“ಅವ್ವಾ!” ಎಂದಳು ನೀಲಾಂಬಿಕಾ.

ಆದರೆ ಎಲ್ಲರಿಗಿಂತ ಮೊದಲು ಎದ್ದು ನಿಂತವರು ಬೀಗರೇ. “ಪಾಯಿಂಟ್ ಆಫ್ ಆರ್ಡರ್! ಮೇಡಂ ಪ್ರೆಸಿಡೆಂಟ್, ಇದು ಸಂಪ್ರದಾಯಕ್ಕೆ ವಿರುದ್ಧ. ಮತ ಸಮವಾದಾಗ ಅಧ್ಯಕ್ಷರು ಇದ್ದುದನ್ನು ಇದ್ದಂತೆಯೇ ಉಳಿಸತಕ್ಕದ್ದು. ತಾವು ಹೀಗೆ ಮಾಡುವಂತಿಲ್ಲ!”

ತನ್ನನ್ನು ಕಟ್ಟಿಹಾಕಿ ಎಂದು ತಾನೇ ವಾದಕ್ಕೆ ನಿಂತ ಆ ಮುದುಕನನ್ನು ಕಂಡು ಗಂಗಮ್ಮನಿಗೆ ಸಿಟ್ಟು, ಅಳು, ಪ್ರೀತಿ ಎಲ್ಲ ಒಟ್ಟಿಗೇ ಬಂತು. ಕೈಯಿಂದ ಟೇಬಲ್ ಬಡಿದಳು. “ಕುಂದ್ರರಿ ಬೀಗರ! ಹೋದ ಸರ್ತಿ ನಿಮ್ಮ ಮಾತು ನಡೀತು, ನಿಮ್ಮ ಜನ ದೋಣ್ಯಾಗ ಕುಂತ್ರು. ಈಗ ಖುರ್ಚಿ ಮ್ಯಾಲ ನಾ ಅದೀನಿ. ನಾ ಹೇಳಿದ್ದ ಆತು.”

ಬೀಗರು ಬಹಳ ನಿಧಾನವಾಗಿ, ಕುರ್ಚಿಯ ಕಡೆಗೆ ಬಾಗಿ, ಕೂತುಕೊಂಡರು. ಅವರ ಭುಜಗಳು ಅಲುಗುತ್ತಿದ್ದವು. ಐಸಾಕ್ ಎದ್ದು ಹೋಗಿ ತಂದೆಯ ಹಿಂದೆ ನಿಂತು, ಎರಡೂ ಕೈಗಳನ್ನು ಆ ಭುಜಗಳ ಮೇಲಿಟ್ಟ.

“ಈಗ ಏನ್ ಮಾಡ್ಬೇಕು?” ಎಂದು ಕೇಳಿದಳು ಗಂಗಮ್ಮ, ಸಣ್ಣ ದನಿಯಲ್ಲಿ.

“ತಾವು ಎದ್ದರೆ ಸಭೆ ಮುಗಿದಂತೆ,” ಎಂದರು ಬೀಗರು. “ಅಧ್ಯಕ್ಷರು ಏಳುವ ತನಕ ಯಾರೂ ಹೊರಡುವಂತಿಲ್ಲ.”

“ಯಾರೂ ಹೋಗುವಂಗಿಲ್ಲ?”

“ಯಾರೂ ಇಲ್ಲ, ಮೇಡಂ ಪ್ರೆಸಿಡೆಂಟ್.”

ಗಂಗಮ್ಮ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಹಂಗಾರ ನಾ ಇನ್ನೊಂದೀಟು ಕುಂದರ್ತೀನಿ,” ಎಂದಳು. ಆಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊರಗೆ ಕತ್ತಲಾಗುವ ತನಕ ಎಲ್ಲರೂ ಹಾಗೆಯೇ ಕೂತಿದ್ದರು.